ಗರ್ಭಪಾತ: ಗುಟ್ಟಿಗಿಂತ ಜೀವ ದೊಡ್ಡದು

(ಸಂಘದ ಮಹಿಳಾ ವಿಭಾಗವು ಏರ್ಪಡಿಸಿದ್ದ ಅರಿಸಿನ ಕುಂಕುಮ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಎಳ್ಳುಬೆಲ್ಲ ಹಂಚುವ ದಿನ ಗರ್ಭಪಾತದ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮುಂಬಯಿಯಲ್ಲಿ ಸ್ತ್ರೀರೋಗ ತಜ್ಞೆಯಾಗಿರುವ ನನ್ನ ಬಳಿಗೆ ಬರುವವರಲ್ಲಿ ಎಷ್ಟೋ ಮಂದಿ "ಡಾಕ್ಟ್ರೇ, ರಕ್ತ ಹೋಗೋದು ನಿಲ್ತಾ ಇಲ್ಲ, ತಲೆ ಸುತ್ತುತ್ತೆ" ಎಂದಷ್ಟೇ ಹೇಳುತ್ತಾರೆ. ಹತ್ತು ಪ್ರಶ್ನೆ ಕೇಳಿದ ಮೇಲೆ ಮಾತ್ರೆ ನುಂಗಿದ ಸಂಗತಿ ಹೊರಬರುತ್ತದೆ. ಹೆಂಗಸರೇ ಸೇರಿರುವ ಈ ಸಭೆಯಲ್ಲೂ ಇದನ್ನು ಮಾತಾಡದಿದ್ದರೆ ಇನ್ನೆಲ್ಲಿ ಮಾತಾಡೋಣ? ಗರ್ಭಪಾತ ಸರಿಯೋ ತಪ್ಪೋ ಎಂದು ತೀರ್ಪು ಕೊಡಲು ನಾನು ಬಂದಿಲ್ಲ. ದೇಹಕ್ಕೆ ಏನಾಗುತ್ತದೆ ಎಂಬುದಷ್ಟೇ ನನ್ನ ವಿಷಯ.

ಒಂದು ಅಧ್ಯಯನದ ಅಂದಾಜಿನಂತೆ 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು. ಅವುಗಳಲ್ಲಿ ಸುಮಾರು 73 ಶೇಕಡಾ ಆಸ್ಪತ್ರೆಯ ಹೊರಗೆ, ಮಾತ್ರೆಗಳಿಂದ ಆದವು.

ಮಾತ್ರೆಗಳು ಎರಡು ಬಗೆ. ಮೊದಲನೆಯದು ಮಿಫೆಪ್ರಿಸ್ಟೋನ್, ಗರ್ಭ ನಿಲ್ಲಲು ಬೇಕಾದ ಹಾರ್ಮೋನಿನ ಕೆಲಸವನ್ನು ತಡೆಯುತ್ತದೆ. ಒಂದೆರಡು ದಿನದ ಮೇಲೆ ತೆಗೆದುಕೊಳ್ಳುವ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನು ಹಿಂಡುತ್ತದೆ. ಆಗ ಕಿಬ್ಬೊಟ್ಟೆ ನೋವು, ಗಡ್ಡೆಗಟ್ಟಿದ ರಕ್ತ, ವಾಂತಿ, ಭೇದಿ, ಚಳಿ ಬರುವುದು ಸಹಜ. ರಕ್ತಸ್ರಾವ ಕಡಿಮೆಯಾಗುತ್ತಾ ಒಂದೆರಡು ವಾರ ಇರಬಹುದು. ನಮ್ಮಲ್ಲಿ ಈ ಮಾತ್ರೆಗಳಿಗೆ 9 ವಾರದವರೆಗೆ ಒಪ್ಪಿಗೆಯಿದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಬೇಕು.

ಸರಿಯಾದ ಸಮಯದಲ್ಲಿ, ವೈದ್ಯರ ನಿಗಾದಲ್ಲಿ ಆದರೆ ದೊಡ್ಡ ತೊಂದರೆ ಅಪರೂಪ. ವಾರಗಳು ಉರುಳಿದಂತೆ ಅಪಾಯ ಏರುತ್ತದೆ. ಪಪ್ಪಾಯಿ ತಿಂದು, ಎಳ್ಳಿನ ಕಷಾಯ ಕುಡಿದು ಮುಟ್ಟು ಬರಲೆಂದು ಕಾದವರು ಕಳೆದುಕೊಳ್ಳುವುದು ಈ ವಾರಗಳನ್ನೇ. ಗರ್ಭದ ಚೂರು ಒಳಗೇ ಉಳಿದರೆ ರಕ್ತ ನಿಲ್ಲುವುದಿಲ್ಲ, ಸೋಂಕೂ ಆಗಬಹುದು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರಿಗೆ ರಕ್ತಹೀನತೆಯಿದೆ. ಅಂಥವರು ಹೆಚ್ಚು ರಕ್ತಸ್ರಾವವನ್ನು ತಾಳಲಾರರು.

ಇನ್ನೊಂದು ಅಪಾಯ, ಗರ್ಭನಾಳದಲ್ಲಿ ನಿಂತ ಬಸಿರು. ಅದರ ಮೇಲೆ ಈ ಮಾತ್ರೆ ಕೆಲಸ ಮಾಡುವುದಿಲ್ಲ. ಎರಡು ಮಕ್ಕಳ ತಾಯಿಯೊಬ್ಬರು ಗಂಡ ತಂದುಕೊಟ್ಟ ಮಾತ್ರೆ ನುಂಗಿದರು. ಸ್ವಲ್ಪ ರಕ್ತ ಹೋಯಿತು, ಮುಗಿಯಿತೆಂದುಕೊಂಡರು. ಹತ್ತು ದಿನದ ಮೇಲೆ ನಾಳ ಒಡೆದು, ಪ್ರಜ್ಞೆಯಿಲ್ಲದೆ ಬಂದರು. ಆ ರಾತ್ರಿಯೇ ಆಪರೇಷನ್ ಮಾಡಿದ್ದರಿಂದ ಉಳಿದರು. ಮೊದಲೇ ಒಂದು ಸೋನೋಗ್ರಫಿ ಆಗಿದ್ದರೆ ವಿಷಯ ಅಂದೇ ತಿಳಿಯುತ್ತಿತ್ತು.

ಈ ಲಕ್ಷಣಗಳನ್ನು ನೆನಪಿಡಿ: ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಎರಡು ಗಂಟೆ ಸತತ ತೊಯ್ದರೆ, ಜ್ವರ ಒಂದು ದಿನ ದಾಟಿದರೆ, ವಾಸನೆಯ ಸ್ರಾವವಿದ್ದರೆ, ತಡೆಯಲಾಗದ ಹೊಟ್ಟೆನೋವು ಅಥವಾ ತಲೆಸುತ್ತು ಬಂದರೆ ಬೆಳಗಾಗಲೆಂದು ಕಾಯಬೇಡಿ. ರಕ್ತವೇ ಹೋಗದಿದ್ದರೂ ತೋರಿಸಿ. ಏನು ನುಂಗಿದಿರೆಂದು ವೈದ್ಯರಿಗೆ ಮುಚ್ಚಿಡಬೇಡಿ.

"ಮುಂದೆ ಮಕ್ಕಳಾಗುತ್ತವೆಯೇ?" ಎಂಬುದು ಎಲ್ಲರ ಪ್ರಶ್ನೆ. ಸುರಕ್ಷಿತ ಗರ್ಭಪಾತದಿಂದ ಬಂಜೆತನ ಬರುವುದಿಲ್ಲ, ಸ್ತನ ಕ್ಯಾನ್ಸರೂ ಬರುವುದಿಲ್ಲ. ಸೋಂಕು ನಾಳಕ್ಕೆ ಹಬ್ಬಿದರೆ, ಅಥವಾ ಮತ್ತೆಮತ್ತೆ ಕೆರೆದು ಗರ್ಭಕೋಶದ ಒಳಪದರ ಅಂಟಿಕೊಂಡರೆ ತೊಂದರೆಯಾಗಬಹುದು. ಅದಕ್ಕೇ ಈಗ ಕೆರೆಯುವ ಬದಲು ಹೀರಿ ತೆಗೆಯುವ ವಿಧಾನವನ್ನು ಬಳಸುತ್ತೇವೆ. ಇನ್ನೊಂದು ಮಾತು: ಎರಡೇ ವಾರದಲ್ಲಿ ಮತ್ತೆ ಬಸಿರು ನಿಲ್ಲಬಹುದು. ಕಾಪರ್-ಟಿ, ಗುಳಿಗೆ, ಕಾಂಡೋಮ್, ಯಾವುದು ಬೇಕೆಂದು ಅಂದೇ ಮಾತಾಡಿ.

ಕಾನೂನು ನಮ್ಮ ಪರವಾಗಿದೆ. 1971ರ ಕಾಯ್ದೆ 2021ರಲ್ಲಿ ತಿದ್ದುಪಡಿಯಾಯಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ಸಂದರ್ಭಗಳಲ್ಲಿ ಇಬ್ಬರ ಅಭಿಪ್ರಾಯದ ಮೇಲೆ 24 ವಾರದವರೆಗೂ ಅವಕಾಶವಿದೆ. 18 ತುಂಬಿದವಳಿಗೆ ಅವಳ ಸಹಿಯೇ ಸಾಕು, ಗಂಡನ ಸಹಿ ಬೇಕಿಲ್ಲ. ಮದುವೆಯಾಗದವರಿಗೂ ಇದೇ ಹಕ್ಕಿದೆಯೆಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಭ್ರೂಣ ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸುವುದು ಮಾತ್ರ ಅಪರಾಧ.

ತವರಿನಿಂದ ದೂರವಿರುವ ಈ ಊರಿನಲ್ಲಿ ನಮಗೆ ನಾವೇ ಅಕ್ಕ, ನಾವೇ ಅತ್ತಿಗೆ. ಪಕ್ಕದ ಮನೆಯ ಹುಡುಗಿ ಅಳುತ್ತಾ ಬಂದರೆ "ಯಾಕೆ ಹೀಗೆ ಮಾಡಿಕೊಂಡೆ" ಎಂದು ಕೇಳಬೇಡಿ. "ಎಷ್ಟು ವಾರವಾಯಿತು, ನಡಿ, ನಾನೂ ಬರುತ್ತೇನೆ" ಎನ್ನಿ. ಅಷ್ಟು ಮಾಡಿದರೆ ಒಂದು ಜೀವ ಉಳಿಯಬಹುದು.