ನ್ಯಾಯಪೀಠ ಏರುವ ದಾರಿ, ಇಳಿಯುವ ದಾರಿ



ನವಲಗುಂದದ ಕೋರ್ಟಿನಲ್ಲಿ ಹೂಡಿದ ವಾಟ್ನಿ ದಾವೆಯೊಂದು ಅಪೀಲಿನ ಮೇಲೆ ಅಪೀಲಾಗಿ ಧಾರವಾಡದ ಹೈಕೋರ್ಟ್ ಪೀಠದವರೆಗೂ ಹೋಗಬಹುದು. 2008ರಲ್ಲಿ ಸಂಚಾರಿಯಾಗಿ ಆರಂಭವಾಗಿ 2013ರಲ್ಲಿ ಕಾಯಮಾದ ಆ ಪೀಠ ನಮ್ಮ ರೈತರಿಗೆ ಬೆಂಗಳೂರಿನ ಅಲೆದಾಟ ತಪ್ಪಿಸಿದೆ. ಆದರೆ ದಾವೆ ಮೇಲೇರಿದಂತೆ ಅದನ್ನು ಕೇಳುವ ನ್ಯಾಯಾಧೀಶರ ನೇಮಕದ ರೀತಿಯೇ ಬದಲಾಗುತ್ತದೆ. ತಾಲ್ಲೂಕಿನ ಸಿವಿಲ್ ನ್ಯಾಯಾಧೀಶರು ಬಹಿರಂಗ ಅಧಿಸೂಚನೆಗೆ ಅರ್ಜಿ ಹಾಕಿ, ಪೂರ್ವಭಾವಿ, ಮುಖ್ಯ, ಮೌಖಿಕ ಪರೀಕ್ಷೆಗಳನ್ನು ದಾಟಿ, ನ್ಯಾಯಾಂಗ ಅಕಾಡೆಮಿಯಲ್ಲಿ ತರಬೇತಿ ಪಡೆದು ಬಂದವರು. ಸಂವಿಧಾನದ 235ನೇ ವಿಧಿಯಂತೆ ಹೈಕೋರ್ಟಿನ ನಿಯಂತ್ರಣದಲ್ಲಿರುವವರು. ಹೈಕೋರ್ಟಿಗೆ ವಕೀಲರಿಂದ ನೇರವಾಗಿ ಬರುವವರಿಗೆ ಅರ್ಜಿಯೂ ಇಲ್ಲ, ಪೀಠ ಏರುವ ಮುನ್ನ ಕಡ್ಡಾಯ ತರಬೇತಿಯೂ ಇಲ್ಲ. ಸುಪ್ರೀಂ ಕೋರ್ಟಿನ 1993ರ ತೀರ್ಪಿನಿಂದ ಬೇರೂರಿದ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಕೂಟ, ಹೆಸರು ಸೂಚಿಸಬೇಕು. ಅಧಿಕಾರ ಹೆಚ್ಚಿದಷ್ಟೂ ಪರಿಶೀಲನೆ ಕಣ್ಮರೆಯಾಗುವ ಈ ಏರ್ಪಾಡು ತಲೆಕೆಳಗಾದದ್ದು ಎಂಬುದೇ ನನ್ನ ವಾದ.

ಪದಚ್ಯುತಿಯ ವಿಷಯದಲ್ಲಿ ಈ ಅಂತರ ಇನ್ನೂ ಸ್ಪಷ್ಟ. ತಾಲ್ಲೂಕು ನ್ಯಾಯಾಧೀಶರಿಗೆ ಎಚ್ಚರಿಕೆಯಿಂದ ವಜಾದವರೆಗೆ ಹಂತಹಂತದ ಶಿಸ್ತುಕ್ರಮವಿದೆ. ಹೈಕೋರ್ಟ್ ನ್ಯಾಯಮೂರ್ತಿಗಳ ವಿಷಯದಲ್ಲಿ ಸಂವಿಧಾನ ಹೇಳುವುದು ಒಂದೇ ದಾರಿ: ಸಂಸತ್ತಿನ ಎರಡೂ ಸದನಗಳ ವಿಶೇಷ ಬಹುಮತ. 1993ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿರುದ್ಧದ ನಿರ್ಣಯಕ್ಕೆ 196 ಮತ ಬಂದರೂ 205 ಸದಸ್ಯರು ಮತದಾನದಿಂದ ದೂರ ಉಳಿದಿದ್ದರಿಂದ ಅದು ಬಿದ್ದುಹೋಯಿತು. ನಮ್ಮದೇ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ವಿರುದ್ಧ 2009ರಲ್ಲಿ ರಾಜ್ಯಸಭೆಯ 75 ಸದಸ್ಯರು ಪದಚ್ಯುತಿಯ ಸೂಚನೆಗೆ ಸಹಿ ಹಾಕಿದರು. ಅವರು ಸಿಕ್ಕಿಂಗೆ ವರ್ಗವಾದರು, 2011ರಲ್ಲಿ ರಾಜೀನಾಮೆ ಕೊಟ್ಟರು. ಅವರ ಮೇಲಿನ ಆರೋಪ ನಿಜವೋ ಸುಳ್ಳೋ ಎಂಬುದು ಅಂತಿಮವಾಗಿ ತೀರ್ಮಾನವಾಗಲೇ ಇಲ್ಲ. ಇದರಿಂದ ದೂರಿದವರಿಗೂ ನ್ಯಾಯ ಸಿಗಲಿಲ್ಲ, ಆರೋಪ ಹೊತ್ತವರಿಗೂ ಸಿಗಲಿಲ್ಲ.

ಇಂಗ್ಲೆಂಡಿನಲ್ಲೂ ಹಿರಿಯ ನ್ಯಾಯಮೂರ್ತಿಗಳನ್ನು ತೆಗೆಯುವುದು ಸುಲಭವಲ್ಲ. 1701ರ ಕಾಯ್ದೆಯಿಂದ ಬಂದ ಪದ್ಧತಿಯಂತೆ ಅಲ್ಲಿಯೂ ಎರಡೂ ಸದನಗಳು ಒಪ್ಪಬೇಕು. 1830ರಲ್ಲಿ ಐರ್ಲೆಂಡಿನ ಜೋನಾ ಬ್ಯಾರಿಂಗ್ಟನ್ ಒಬ್ಬರೇ ಹಾಗೆ ಪದಚ್ಯುತರಾದದ್ದು. ಆದರೆ 2005ರ ಸಾಂವಿಧಾನಿಕ ಸುಧಾರಣಾ ಕಾಯ್ದೆಯ ನಂತರ ಹೈಕೋರ್ಟಿನ ಹುದ್ದೆಗೂ ಅರ್ಜಿ ಕರೆಯುತ್ತಾರೆ. ವಕೀಲಿಕೆಯ ಹೊರಗಿನವರೇ ಅಧ್ಯಕ್ಷರಾಗಿರುವ ನೇಮಕಾತಿ ಆಯೋಗ ಲಿಖಿತ ಮಾನದಂಡಗಳ ಮೇಲೆ ಆರಿಸುತ್ತದೆ. ಪದಚ್ಯುತಿಗಿಂತ ಕೆಳಗೆ ಸಲಹೆ, ಎಚ್ಚರಿಕೆ, ವಾಗ್ದಂಡನೆಗಳೂ ಉಂಟು.

ಇಂಥ ಏರ್ಪಾಡು ಇಲ್ಲಿಗೂ ಬಂದರೆ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆಯಾಗದೇ ಎಂದು ಕೇಳುವವರಿದ್ದಾರೆ. 2015ರಲ್ಲಿ ಸುಪ್ರೀಂ ಕೋರ್ಟು ಕೊಲಿಜಿಯಂಗೆ ಬದಲಾಗಿ ತಂದಿದ್ದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು ರದ್ದುಮಾಡಿದ್ದು ಈ ಭಯದಿಂದಲೇ. ಆ ಭಯಕ್ಕೆ ಆಧಾರವಿತ್ತು: ಕಾನೂನು ಮಂತ್ರಿಯೇ ಅದರ ಸದಸ್ಯರಾಗಿದ್ದರು. ಇಂಗ್ಲೆಂಡಿನ ಆಯೋಗದಲ್ಲಿ ಮಂತ್ರಿಗಳಿಲ್ಲ. ಆದ್ದರಿಂದ ಮಂತ್ರಿಯನ್ನು ಹೊರಗಿಡುವುದು ಸರಿ. ಆ ನೆಪದಲ್ಲಿ ಜನರ ಕಣ್ಣನ್ನೂ ಹೊರಗಿಡುವುದು ಸರಿಯಲ್ಲ. ಸೋತ ಕಕ್ಷಿದಾರರೆಲ್ಲ ದೂರು ಬರೆಯುತ್ತಾರೆಂಬ ಇನ್ನೊಂದು ಆಕ್ಷೇಪವೂ ಉಂಟು. ತೀರ್ಪು ತಪ್ಪೆನಿಸಿದರೆ ಅಪೀಲು, ನಡತೆ ತಪ್ಪಿದರೆ ಮಾತ್ರ ದೂರು ಎಂದು ಗೆರೆ ಎಳೆದರೆ ಅದಕ್ಕೆ ಉತ್ತರ ಸಿಗುತ್ತದೆ. ಈ ಗೆರೆ ತಾಲ್ಲೂಕು ನ್ಯಾಯಾಧೀಶರಿಗೂ ರಕ್ಷಣೆ; ಜಾಮೀನು ಕೊಟ್ಟರೆ ದೂರು ಬಂದೀತೆಂಬ ಅಂಜಿಕೆಯಲ್ಲಿ ಅವರು ಕೂರಬಾರದು.

ಆದ್ದರಿಂದ ಈ ವಿಚಾರಸಂಕಿರಣ ಮೂರು ಬೇಡಿಕೆಗಳನ್ನು ಒರೆಗೆ ಹಚ್ಚಲಿ: ಹೈಕೋರ್ಟ್ ನೇಮಕಕ್ಕೆ ಪ್ರಕಟಿತ ಮಾನದಂಡ, ಪೀಠ ಏರುವ ಮುನ್ನ ತರಬೇತಿ, ಪದಚ್ಯುತಿಗಿಂತ ಕೆಳಗಿನ ಶಾಸನಬದ್ಧ ಕ್ರಮಗಳು. ತಾಲ್ಲೂಕಿನಲ್ಲಿ ನಾವು ಸಹಜವೆಂದು ಒಪ್ಪಿಕೊಂಡದ್ದನ್ನು ಮೇಲಿನ ಪೀಠದಿಂದಲೂ ನಿರೀಕ್ಷಿಸುವುದು ಅವಿನಯವಲ್ಲ, ನಾಗರಿಕರ ಹಕ್ಕು.