ಪಾಚಿ ಸಾಕಿದ ಮನೆ



ಮಳೆಗಾಲದಲ್ಲಿ ಕೊಡಗಿನ ಯಾವ ಮನೆಗೆ ಹೋದರೂ ಮೊದಲು ಕಿವಿಗೆ ಬೀಳುವ ಮಾತು: "ಮೆಟ್ಟಿಲು ಜಾರ್ತದೆ, ನೋಡ್ಕೊಂಡು ಬನ್ನಿ." ಅಂಗಳ, ತುಳಸಿಕಟ್ಟೆ, ಕಾಫಿ ಕಣ, ಎಲ್ಲದರ ಮೇಲೂ ಪಾಚಿ. ಬ್ಲೀಚಿಂಗ್ ಪುಡಿ ಎರಚಿ, ಕಡ್ಡಿ ಪೊರಕೆಯಲ್ಲಿ ತಿಕ್ಕಿ ತಿಕ್ಕಿ ಸೊಂಟ ಬಿದ್ದುಹೋಗುತ್ತದೆ. ಇಂಥ ಊರಿನಲ್ಲಿ ನಾನು ದುಡ್ಡು ಕೊಟ್ಟು ಪಾಚಿ ತಂದು ಸಾಕುತ್ತಿದ್ದೇನೆ. ಸುದ್ದಿ ಕೇಳಿದ ದೊಡ್ಡಮ್ಮ ಹೇಳಿದ್ದು ಇಷ್ಟೇ: "ನಮ್ಮ ಹಿತ್ತಲಿಗೆ ಬಾ ಮಗ, ಬೇಕಾದಷ್ಟು ಕೊಡ್ತೇನೆ."

ನನ್ನದು ಕಡಲ ಪಾಚಿ. ಮಡಿಕೇರಿಯ ನಮ್ಮ ಜಗಲಿಯಲ್ಲಿ ಮೂರಡಿಯ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಎರಡು ಕ್ಲೌನ್ ಮೀನು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅಡುಗೆಮನೆಯ ಉಪ್ಪಲ್ಲ, ಕ್ಯಾಲ್ಸಿಯಂ, ಮೆಗ್ನೀಷಿಯಂ ಸೇರಿಸಿದ ಮಿಶ್ರಣ, ಪೊಟ್ಟಣದಲ್ಲಿ ಬರುತ್ತದೆ. ಹಿಂದೆ ನಮ್ಮ ಹಿರಿಯರು ಎತ್ತಿನ ಮೇಲೆ ಅಕ್ಕಿ ಹೇರಿಕೊಂಡು ಮಲಬಾರಿಗೆ ಇಳಿದು, ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದರು. ನನ್ನ ಉಪ್ಪು ಕೊರಿಯರಿನಲ್ಲಿ ಹತ್ತಿತು, ವ್ಯತ್ಯಾಸ ಅಷ್ಟೇ.

ತೊಟ್ಟಿ ಇಟ್ಟ ಮೇಲೆ ತಿಳಿದ ಮೊದಲ ಸಂಗತಿ, ಅದಕ್ಕೆ ಇಳಿಜಾರಿಲ್ಲ. ನಾವು ಘಟ್ಟದ ಮೇಲಿನವರು. ತೊಳೆದದ್ದೆಲ್ಲ ಕೆಳಗೆ ಹೋಗುತ್ತದೆ. ಪೂರ್ವಕ್ಕೆ ಹರಿದದ್ದು ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ, ಸಂಪಾಜೆ ಕಡೆ ಇಳಿದದ್ದು ಪಯಸ್ವಿನಿ ಹಿಡಿದು, ಸುಳ್ಯ ದಾಟಿ, ಕಾಸರಗೋಡಿನ ಬಳಿ ಅರಬ್ಬಿ ಸಮುದ್ರಕ್ಕೆ. ಕಾಫಿ ಪಲ್ಪರಿನ ನೀರಿರಲಿ, ಪೇಟೆಯ ಚರಂಡಿ ಇರಲಿ, ಒಂದು ಜೋರು ಮಳೆ ಬಂದರೆ ಕಣ್ಣಿಂದ ಮರೆ. ಆಮೇಲೆ ಅದು ಕೆಳಗಿನವರ ಪಾಡು. ತೊಟ್ಟಿಯಲ್ಲಿ ಕೆಳಗಿನವರು ಎಂಬುವವರೇ ಇಲ್ಲ. ಮೀನು ತಿಂದದ್ದು, ಬಿಟ್ಟದ್ದು, ಹೇತದ್ದು ಎಲ್ಲ ಅಲ್ಲೇ. ಅದರಿಂದ ಅಮೋನಿಯಾ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಲ್ಲಿಗೆ ಅವುಗಳ ಕೆಲಸ ಮುಗಿಯಿತು. ನೈಟ್ರೇಟ್ ಮಾತ್ರ ದಿನದಿನಕ್ಕೆ ಏರುತ್ತ ಹೋಗುತ್ತದೆ.

ಅದನ್ನು ಉಣ್ಣುವುದು ಪಾಚಿ. ಕಡಲ ಪಾಚಿಗೆ ಬೇರಿಲ್ಲ, ಮಣ್ಣು ಬೇಡ. ಬಂಡೆ ಕಚ್ಚಿ ಹಿಡಿಯುವುದಕ್ಕೆ ಒಂದು ಹಿಡಿಕೆ ಇರುತ್ತದೆ, ಅಷ್ಟೇ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಮೈಯೆಲ್ಲದರಿಂದ ಹೀರಿಕೊಳ್ಳುತ್ತದೆ.

ನಾನು ಮೊದಲು ತಂದದ್ದು ಕಾಲರ್ಪದ ಒಂದು ಬಗೆ. ದ್ರಾಕ್ಷಿ ಗೊಂಚಲಿನ ಹಾಗಿರುತ್ತದೆ, ನೋಡಲು ಚೆಂದ. ಎಲೆ, ಕಾಂಡ, ಹಿಡಿಕೆ ಎಲ್ಲ ಸೇರಿ ಇಡೀ ಕಾಲರ್ಪ ಒಂದೇ ಒಂದು ಜೀವಕೋಶ. ಒಮ್ಮೆ ಕಕ್ಕಡ ತಿಂಗಳ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ಇನ್ವರ್ಟರಿನಲ್ಲಿ ಗಾಳಿಯ ಪಂಪು ಮಾತ್ರ ಓಡಿಸಿದೆ, ದೀಪ ಆರಿಸಿಯೇ ಇತ್ತು. ಕರೆಂಟು ಬಂದ ಮರುದಿನ ಬೆಳಿಗ್ಗೆ ನೋಡಿದರೆ ತೊಟ್ಟಿ ಅಕ್ಕಿ ತೊಳೆದ ನೀರಾಗಿತ್ತು. ಹಸಿರು ಗೊಂಚಲು ಬಿಳಿಚಿ, ಟೊಳ್ಳಾಗಿ, ಮುಟ್ಟಿದರೆ ಕೈಯಲ್ಲೇ ಕರಗುತ್ತಿತ್ತು. ಬೆಳಕೋ ತಾಪವೋ ಏರುಪೇರಾದರೆ ಕಾಲರ್ಪ ಹೀಗೆ ತನ್ನ ಮೈಯ ಸತ್ವವನ್ನೆಲ್ಲ ಲಿಂಗಾಣು ಮಾಡಿ, ಬೆಳಕು ಹರಿಯುವ ಹೊತ್ತಿಗೆ ಒಮ್ಮೆಗೇ ನೀರಿಗೆ ಬಿಟ್ಟು ಸಾಯುತ್ತದೆ. ತಿಂಗಳುಗಟ್ಟಲೆ ಉಂಡದ್ದೆಲ್ಲ ಒಂದೇ ಬೆಳಗಿನಲ್ಲಿ ವಾಪಸು. ಒಂದು ಮೀನು ಉಳಿಯಲಿಲ್ಲ. ತಪ್ಪು ನನ್ನದು. ಗೊಂಚಲು ಬೆಳೆದಷ್ಟೂ ಚೆಂದ ಎಂದು ಒಮ್ಮೆಯೂ ಕತ್ತರಿ ಆಡಿಸಿರಲಿಲ್ಲ.

ಈಗಿರುವುದು ಕೀಟೊಮಾರ್ಫ. ಗಾಳದ ದಾರಕ್ಕೆ ಹಸಿರು ಬಳಿದು ಸಿಕ್ಕು ಮಾಡಿಟ್ಟ ಹಾಗೆ, ಪಾತ್ರೆ ತಿಕ್ಕುವ ನಾರಿನ ಹಾಗೆ. ಚೆಂದವೇನಿಲ್ಲ, ನಂಬಿಕಸ್ಥ. ತಂದ ದಿನ ಹಳೆಯ ಉಪ್ಪುನೀರಿನಲ್ಲಿ ಜಾಲಿಸಿದೆ. ಉಗುರಿನಷ್ಟು ಒಂದು ಏಡಿ, ಎರಡು ಮುಳ್ಳುಹುಳು ಹೊರಬಂದವು. ಪಾಚಿಯನ್ನು ಪಕ್ಕದ ಸಣ್ಣ ಡಬ್ಬಿಯಲ್ಲಿ ತೇಲಲು ಬಿಟ್ಟು, ಮೇಲೊಂದು ದೀಪ ಕಟ್ಟಿದ್ದೇನೆ. ಆ ದೀಪ ಉರಿಯುವುದು ರಾತ್ರಿ, ಮೀನಿನ ತೊಟ್ಟಿ ಮಲಗಿದ ಮೇಲೆ. ಕತ್ತಲಲ್ಲಿ ತೊಟ್ಟಿಯ ಜೀವಿಗಳೆಲ್ಲ ಇಂಗಾಲದ ಡೈಆಕ್ಸೈಡ್ ಬಿಟ್ಟು ನೀರು ಹುಳಿಯ ಕಡೆ ವಾಲುತ್ತದೆ. ಆ ಹೊತ್ತಿಗೆ ಪಾಚಿ ಎದ್ದಿದ್ದರೆ ಆ ಅನಿಲವನ್ನು ಎಳೆದುಕೊಳ್ಳುತ್ತದೆ.

ಹವಳ ಇಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ. ನಮ್ಮ ದೇಶದ ಕಲ್ಲುಹವಳಗಳು 2001ರಿಂದ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಕಡಲಿನಿಂದ ಕಿತ್ತು ತಂದ ಹವಳ ಜಗಲಿಯಲ್ಲಿ ಇಡುವುದು ಅಪರಾಧ.

ಹಾಗಂತ ಪಾಚಿ ಸಾಧುವೇನಲ್ಲ. 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗೆ, ಮೆಡಿಟರೇನಿಯನ್ ಕಡಲ ತಳದಲ್ಲಿ, ಒಂದು ಚದರ ಮೀಟರಿನಷ್ಟು ಕಾಲರ್ಪ ಕಂಡಿತು. ಅಲ್ಲಿನ ತೊಟ್ಟಿಗಳಲ್ಲಿ ಸಾಕುತ್ತಿದ್ದ ತಳಿಯೇ. ಅದು ಸಾವಿರಾರು ಹೆಕ್ಟೇರಿಗೆ ಹಬ್ಬಿತು. ನಮ್ಮ ಮನ್ನಾರ್ ಕೊಲ್ಲಿಯಲ್ಲೂ, ಬೇಸಾಯಕ್ಕೆಂದು ತಂದ ಕಪ್ಪಾಫೈಕಸ್ ಎಂಬ ಪಾಚಿ ಕುರುಸಡೈ ದ್ವೀಪದ ಹವಳದ ಮೇಲೆ ಹತ್ತಿ ಕುಳಿತದ್ದನ್ನು ವಿಜ್ಞಾನಿಗಳು 2008ರಲ್ಲಿ ವರದಿ ಮಾಡಿದರು. ಚೆಂದದ ಹೂವೆಂದು ತಂದ ಲಂಟಾನ ನಮ್ಮ ಕಾಡಿಗೆ ಏನು ಮಾಡಿದೆ ಎಂದು ನಾಗರಹೊಳೆಯ ಅಂಚಿನವರಿಗೆ ಹೇಳಬೇಕಾಗಿಲ್ಲ.

ಅಂದ ಹಾಗೆ ಆ ಕಪ್ಪಾಫೈಕಸ್ ನಮಗೆ ಅಪರಿಚಿತನಲ್ಲ. ಅದರ ರಸವನ್ನೇ ಕ್ಯಾನಿನಲ್ಲಿ ತಂದು ಎಷ್ಟೋ ಬೆಳೆಗಾರರು ಕಾಫಿ ಗಿಡಕ್ಕೆ ಸಿಂಪಡಿಸುತ್ತಾರೆ. ರಂಜಾನಿನಲ್ಲಿ ಪುಡ್ಡಿಂಗ್ ಮಾಡುವ ಚೈನಾ ಗ್ರಾಸ್ ಕೂಡ ಕಡಲ ಪಾಚಿಯದೇ.

ತೊಟ್ಟಿಯ ವಿಷಯಕ್ಕೆ ಬರುತ್ತೇನೆ. ಪಾಚಿ ಉಂಡದ್ದು ಅದರ ಮೈಯಲ್ಲೇ ಇರುತ್ತದೆ. ಕತ್ತರಿಸಿ ಹೊರಗೆ ತೆಗೆದಾಗ ಮಾತ್ರ ಅಷ್ಟು ನೈಟ್ರೇಟ್ ತೊಟ್ಟಿಯಿಂದ ಹೋದಂತೆ. ಕಾಫಿ ಗಿಡದ ಕಂಬಚಿಗುರು ಕೀಳದಿದ್ದರೆ ತೋಟದ ರೈಟರಿಗೆ ಬೈಯುವ ನಾನು ಈ ಲೆಕ್ಕ ತಿಳಿಯಲು ಒಂದು ಮೀನು ಕೊಡಬೇಕಾಯಿತು. ಈಗ ಎರಡು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ, ಅರ್ಧಕ್ಕೆ ಕತ್ತರಿ. ಕತ್ತರಿಸಿದ್ದು ಚರಂಡಿಗೆ ಹೋಗುವುದಿಲ್ಲ. ಸಿಹಿನೀರಿನಲ್ಲಿ ಮೂರು ಸಲ ತೊಳೆದು ಉಪ್ಪು ಕಳೆದು ಗೊಬ್ಬರದ ಗುಂಡಿಗೆ ಹಾಕುತ್ತೇನೆ, ಮೇಲೊಂದು ಬುಟ್ಟಿ ತರಗೆಲೆ. ಈ ಸಲ ಆ ಗೊಬ್ಬರ ಬಿದ್ದದ್ದು ದೊಡ್ಡಮ್ಮನ ಹಿತ್ತಲಿನ ಕಿತ್ತಳೆ ಗಿಡದ ಬುಡಕ್ಕೆ.