ಹಡಗು ಬಿಡುವ ಕೊನೆಯ ಮನುಷ್ಯ



ಮದ್ದೂರು ಸೀಮೆಗೂ ಸಮುದ್ರಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಇಲ್ಲಿಯವರಿಗೆ ನೀರೆಂದರೆ ಶಿಂಷಾ ಹೊಳೆ, ಕೆರೆ, ನಾಲೆ. ಆದರೆ ನೀರಿನ ಮೇಲೆ ಹೊರಟವರ ಜೀವ ಒಬ್ಬನ ಕೈಯಲ್ಲಿರುತ್ತದೆ ಎಂಬ ಮಾತು ಹರಿಗೋಲಿಗೂ ಒಂದೇ, ಹಡಗಿಗೂ ಒಂದೇ. ಅಲ್ಲಿ ಅವನು ಅಂಬಿಗ, ಇಲ್ಲಿ ಕಪ್ತಾನ.

2025ರ ಮೇ 24ರಂದು ವಿಳಿಞಂನಿಂದ ಕೊಚ್ಚಿಗೆ ಹೊರಟಿದ್ದ ‘ಎಂಎಸ್‌ಸಿ ಎಲ್ಸಾ 3’ ಎಂಬ ಸರಕು ಹಡಗು ಕೇರಳದ ತೀರದಾಚೆ ಒಂದು ಮಗ್ಗುಲಿಗೆ ವಾಲಿತು. ಅದರಲ್ಲಿದ್ದವರು 24 ಮಂದಿ, ಹೊತ್ತಿದ್ದ ಕಂಟೇನರುಗಳು 640. ಅಂದೇ 21 ಜನರನ್ನು ಪಾರು ಮಾಡಲಾಯಿತು. ಕಪ್ತಾನ ಮತ್ತು ಇಬ್ಬರು ಎಂಜಿನಿಯರುಗಳು ಮಾತ್ರ, ಹಡಗನ್ನು ಉಳಿಸುವ ಯತ್ನಕ್ಕೆ ನೆರವಾಗಲು, ರಾತ್ರಿಯಿಡೀ ಅಲ್ಲೇ ಉಳಿದರು. ಮರುದಿನ ಹಡಗು ಮುಳುಗುವ ವೇಳೆಗೆ ನೌಕಾಪಡೆಯ ‘ಐಎನ್‌ಎಸ್ ಸುಜಾತಾ’ ಆ ಮೂವರನ್ನೂ ರಕ್ಷಿಸಿತು. ಹಡಗು ಹೋಯಿತು, ಜೀವ ಒಂದೂ ಹೋಗಲಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಇಟಲಿಯ ‘ಕೋಸ್ಟಾ ಕಾಂಕಾರ್ಡಿಯಾ’. 2012ರ ಜನವರಿ 13ರ ರಾತ್ರಿ ದಡಕ್ಕೆ ತೀರ ಹತ್ತಿರ ಸಾಗಿ ಬಂಡೆಗೆ ಬಡಿದ ಆ ಪ್ರವಾಸಿ ಹಡಗಿನಲ್ಲಿ 32 ಜನ ಸತ್ತರು. ಪ್ರಯಾಣಿಕರು ಇನ್ನೂ ಒಳಗಿರುವಾಗಲೇ ಕಪ್ತಾನ ಹೊರಬಿದ್ದಿದ್ದ. ನ್ಯಾಯಾಲಯ ಅವನಿಗೆ 16 ವರ್ಷಗಳ ಸೆರೆವಾಸ ವಿಧಿಸಿತು.

ಹಾಗೆಂದು ಕಪ್ತಾನ ಹಡಗಿನ ಜೊತೆ ಮುಳುಗಲೇಬೇಕೆಂದಲ್ಲ. ಅದು ಕಥೆಗಳ ಮಾತು. ಅವನ ಕೆಲಸ ಸಾಯುವುದಲ್ಲ, ಉಳಿಸುವುದು. ಆ ಕೆಲಸ ಆರಂಭವಾಗುವುದು ಅಪಾಯ ಬಂದಾಗಲೂ ಅಲ್ಲ, ಲಂಗರು ಎತ್ತುವುದಕ್ಕೆ ಮೊದಲೇ. ಸರಕು ಸರಿಯಾಗಿ ಬಿಗಿದಿದೆಯೇ? ಹಡಗು ತನ್ನ ಮೈಮೇಲಿನ ಭಾರದ ಗೆರೆಗಿಂತ ಕೆಳಗಿಳಿದಿದೆಯೇ? ಬಾಗಿಲು ಮುಚ್ಚಿದೆಯೇ? ಈ ಕೊನೆಯ ಪ್ರಶ್ನೆ ಸಣ್ಣದೆನಿಸಬಹುದು. 1987ರಲ್ಲಿ ಬೆಲ್ಜಿಯಂನ ಬಂದರಿನಿಂದ ಮುಂಬಾಗಿಲು ತೆರೆದಂತೆಯೇ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಮಗುಚಿ 193 ಜನ ಪ್ರಾಣ ತೆತ್ತರು.

ತಪ್ಪು ಹಡಗಿನಲ್ಲಿದ್ದವರದಷ್ಟೇ ಅಲ್ಲ, ದಡದಲ್ಲಿ ಕುಳಿತು ಅವಸರಪಡಿಸುವ ಆಡಳಿತದ್ದೂ ಹೌದು ಎಂಬುದು ಆ ದುರಂತದ ಪಾಠ. 1998ರಿಂದ ಕಡ್ಡಾಯವಾಗತೊಡಗಿದ ಅಂತರರಾಷ್ಟ್ರೀಯ ಸುರಕ್ಷತಾ ನಿರ್ವಹಣಾ ಸಂಹಿತೆ, ಸುರಕ್ಷತೆಯ ವಿಷಯದಲ್ಲಿ ಕೊನೆಯ ಅಧಿಕಾರ ಕಪ್ತಾನನದೆಂದು ಕಂಪನಿಯೇ ಬರೆದುಕೊಡಬೇಕು ಎನ್ನುತ್ತದೆ. ಅಂದರೆ ‘ಹೊರಡುವುದಿಲ್ಲ’ ಎನ್ನುವ ಹಕ್ಕು ಅವನಿಗಿದೆ.

ಸಣ್ಣ ದೋಣಿಯವನಿಗೆ ಆ ಬೆಂಬಲ ಎಲ್ಲಿದೆ? 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಅಸುನೀಗಿದರು. ಮಿತಿಗಿಂತ ಹೆಚ್ಚು ಜನ ಹತ್ತಿದ್ದರೆಂದು ಆಗ ವರದಿಯಾಗಿತ್ತು. ಜಾತ್ರೆಯ ದಿನ ‘ಇನ್ನಿಬ್ಬರಿಗೆ ಜಾಗ ಮಾಡಪ್ಪ’ ಎನ್ನುವವರು ಪ್ರಯಾಣಿಕರೇ. ‘ಆಗುವುದಿಲ್ಲ’ ಎಂದವನನ್ನು ಬೈಯುವವರೂ ಅವರೇ.

ಮಂಡ್ಯ ಜಿಲ್ಲೆಗೆ ಈ ನೋವು ಹೊಸದಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯಲ್ಲಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಹೋದರು. ಚುಕ್ಕಾಣಿ ಹಿಡಿದವನು ಇಲ್ಲ ಎಂದಾಗ ಅವನ ಮಾತಿಗೆ ಬೆಲೆ ಕೊಡುವುದನ್ನು ಹತ್ತುವವರೂ ಕಲಿಯಬೇಕು. ತಡವಾಗಿ ಊರು ಸೇರಿದವನಿಗೆ ಆಗುವ ನಷ್ಟ ಒಂದು ಹೊತ್ತಿನ ಊಟ ಮಾತ್ರ.